‘ಇ’ ಜೀವಸತ್ವ: ಪೊಟ್ಟಣದ ಮೇಲೆ ಏನು ಬರೆದಿದೆ, ನೋಡಿ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕಡೆ ಬೇಸಿಗೆ ಬಂತೆಂದರೆ ಹಸಿ ಮೇವು ಕಡಿಮೆ. ನೀರಿಲ್ಲದವರ ಹಸುಗಳಿಗೆ ರಾಗಿ ಹುಲ್ಲಿನ ಬಣವೆಯೇ ಗತಿ. ಆ ಹೊತ್ತಿಗೆ ಕರು ಹಾಕುವ ಸೀಮೆ ಹಸುವಿಗೆ ಸತ್ತೆ (ಮಾಸು) ಬೀಳದೆ ಉಳಿಯುವುದು, ಕೆಚ್ಚಲು ಬಾವು ಬರುವುದು ಉಂಟು. ಇದಕ್ಕೆ ಕಾರಣ ಹಲವು. ‘ಇ’ ಜೀವಸತ್ವ ಮತ್ತು ಸೆಲೆನಿಯಂ ಕೊರತೆ ಅವುಗಳಲ್ಲೊಂದು. ಹಾಗಂತ ಅಂಗಡಿಗೆ ಹೋಗಿ ಸಿಕ್ಕಿದ ಡಬ್ಬ ತರುವ ಮೊದಲು ಇಷ್ಟು ತಿಳಿದಿರಲಿ.

ಒಂದಲ್ಲ, ಎಂಟು

1922ರಲ್ಲಿ ಅಮೆರಿಕದ ಇವಾನ್ಸ್ ಮತ್ತು ಬಿಷಪ್ ಇಲಿಗಳ ಮೇಲೆ ಪ್ರಯೋಗ ಮಾಡಿದರು. ಒಂದು ಬಗೆಯ ಆಹಾರ ತಿಂದ ಇಲಿಗಳಲ್ಲಿ ಗರ್ಭ ಕಟ್ಟಿದರೂ ಮರಿ ಉಳಿಯುತ್ತಿರಲಿಲ್ಲ. ಹಸಿರು ಸೊಪ್ಪು ಕೊಟ್ಟಾಗ ಮರಿ ಉಳಿಯಿತು. ಸೊಪ್ಪಿನಲ್ಲಿದ್ದ ಆ ಸತ್ವವೇ ‘ಇ’. ಅದಕ್ಕೆ ಆಮೇಲೆ ಇಟ್ಟ ಟೊಕೊಫೆರಾಲ್ ಎಂಬ ಹೆಸರಿನ ಮೂಲ, ‘ಹೆರಿಗೆ’ ಎಂಬ ಅರ್ಥದ ಗ್ರೀಕ್ ಪದ.

ಗಿಡಗಳು ಇದನ್ನು ಎಂಟು ಬಗೆಯಲ್ಲಿ ಮಾಡುತ್ತವೆ: ನಾಲ್ಕು ಟೊಕೊಫೆರಾಲ್, ನಾಲ್ಕು ಟೊಕೊಟ್ರೈಯೆನಾಲ್. ಎರಡರಲ್ಲೂ ಆಲ್ಫಾ, ಬೀಟಾ, ಗ್ಯಾಮಾ, ಡೆಲ್ಟಾ ಅಂತ ಇವೆ. ಪಿತ್ತಜನಕಾಂಗ ಆರಿಸಿ ರಕ್ತಕ್ಕೆ ಕಳಿಸುವುದು ಮುಖ್ಯವಾಗಿ ಆಲ್ಫಾ ಟೊಕೊಫೆರಾಲನ್ನು. ಉಳಿದವು ಹೆಚ್ಚಿನಂಶ ಹೊರಹೋಗುತ್ತವೆ. ಹಸಿರೆಲೆಯಲ್ಲಿ ಇರುವುದು ಹೆಚ್ಚಾಗಿ ಆಲ್ಫಾ. ಮುಸುಕಿನ ಜೋಳದ ಕಾಳಿನಲ್ಲಿ ಗ್ಯಾಮಾ ಜಾಸ್ತಿ. ಆದ್ದರಿಂದ ‘ಜೋಳದ ನುಚ್ಚು ಹಾಕ್ತೀವಲ್ಲ, ಸಾಕು’ ಅನ್ನುವಂತಿಲ್ಲ.

‘ಡಿ’ ಬೇರೆ, ‘ಡಿಎಲ್’ ಬೇರೆ

ಗಿಡ ಮಾಡಿದ ಆಲ್ಫಾಕ್ಕೆ ‘ಡಿ-ಆಲ್ಫಾ’ ಎನ್ನುತ್ತಾರೆ. ಕಾರ್ಖಾನೆಯದು ‘ಡಿಎಲ್-ಆಲ್ಫಾ’. ಇದು ಎಂಟು ಆಕಾರಗಳ ಬೆರಕೆ. ಅದರಲ್ಲಿ ಒಂದು ಮಾತ್ರ ಗಿಡದ್ದೇ ಆಕಾರ. ಹೆಸರಿನ ಕೊನೆಯಲ್ಲಿ ‘ಅಸಿಟೇಟ್’ ಎಂದಿದ್ದರೆ ಹೆದರಬೇಡಿ. ಬರಿಯ ಟೊಕೊಫೆರಾಲ್ ಗಾಳಿ ತಾಗಿ ಬೇಗ ಕೆಡುತ್ತದೆ. ಅಸಿಟೇಟ್ ಸೇರಿಸಿದರೆ ಬಾಳಿಕೆ ಬರುತ್ತದೆ. ಹಸುವಿನ ಕರುಳಿನಲ್ಲಿ ಅದು ಕಳಚಿಕೊಳ್ಳುತ್ತದೆ.

ಲೆಕ್ಕ ಹೀಗೆ: ಡಿಎಲ್-ಆಲ್ಫಾ ಅಸಿಟೇಟ್ 1 ಮಿಲಿಗ್ರಾಂ ಅಂದರೆ 1 ಯೂನಿಟ್ (ಐ.ಯು.). ಡಿ-ಆಲ್ಫಾ ಅಸಿಟೇಟ್ 1 ಮಿಲಿಗ್ರಾಂ ಅಂದರೆ 1.36 ಯೂನಿಟ್. ಪೊಟ್ಟಣ ಕೊಳ್ಳುವಾಗ ತೂಕ ನೋಡಬೇಡಿ, ಯೂನಿಟ್ ನೋಡಿ. ಡಿಎಲ್ ಅಸಿಟೇಟಿನ ಶೇಕಡ 50ರ ಪುಡಿಯಾದರೆ ಒಂದು ಗ್ರಾಂನಲ್ಲಿ 500 ಯೂನಿಟ್.

ಎಷ್ಟು ಬೇಕು?

ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2001ರಲ್ಲಿ, ಒಣ ಮೇವು ಅಥವಾ ರಸಮೇವು ತಿನ್ನುವ ಹಸುಗಳಿಗೆ ಹೊರಗಿನಿಂದ ಕೊಡಬೇಕಾದ ಪ್ರಮಾಣ ಹೇಳಿತು: ಹಾಲು ಬತ್ತಿಸಿದ ಗಬ್ಬದ ಹಸುವಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.6 ಯೂನಿಟ್, ಕರೆಯುವ ಹಸುವಿಗೆ 0.8. ಅಂದರೆ 400 ಕಿಲೋ ತೂಗುವ ಗಬ್ಬದ ಹಸುವಿಗೆ 640 ಯೂನಿಟ್. ಹಸಿ ಮೇವು ತಿನ್ನುವ ಹಸುವಿಗೆ ಇಷ್ಟು ಬೇಕಿಲ್ಲ.

ಯಾಕೆಂದರೆ ಹಸಿ ಮೇವಿನ ಒಣ ಅಂಶದ ಪ್ರತಿ ಕಿಲೋದಲ್ಲಿ ಸಾಮಾನ್ಯವಾಗಿ 80ರಿಂದ 200 ಯೂನಿಟ್ ಇರುತ್ತದೆ. 20 ಕಿಲೋ ಎಳೆ ಮೇವಿನಲ್ಲಿ ನೀರು ಕಳೆದರೆ ಉಳಿಯುವ ಒಣ ಅಂಶ ಸುಮಾರು 4 ಕಿಲೋ. ಅದರಲ್ಲೇ 320ರಿಂದ 800 ಯೂನಿಟ್ ಬಂತು. ಮೇವನ್ನು ಬಿಸಿಲಿಗೆ ಒಣಗಿಸಿ ದಾಸ್ತಾನು ಮಾಡಿದಷ್ಟೂ ಇದು ಇಳಿಯುತ್ತದೆ.

ಮಾಡಬಹುದಾದ್ದು

* ಬೋರ್‌ವೆಲ್ ನೀರು ಸ್ವಲ್ಪವೇ ಇದ್ದರೂ ನಾಲ್ಕಾರು ಗುಂಟೆ ನೇಪಿಯರ್ ಅಥವಾ ಕುದುರೆ ಮೆಂತೆ ಇರಲಿ. ದೊಡ್ಡಬಳ್ಳಾಪುರ ತಾಲೂಕಿನ ಹಾಡೋನಹಳ್ಳಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮೇವಿನ ತಳಿಗಳ ಬಗ್ಗೆ ವಿಚಾರಿಸಿ.
* ಹಸಿ ಮೇವು ಸಾಲದಿದ್ದರೆ ಕರೆಯುವ ಹಸುವಿಗಿಂತ ಮೊದಲ ಪಾಲು ಗಬ್ಬದ ಹಸುವಿಗೆ. ಹಾಲು ಕೊಡ್ತಿಲ್ಲ ಅಂತ ಅದಕ್ಕೆ ಬರೀ ರಾಗಿ ಹುಲ್ಲು ಹಾಕಬೇಡಿ.
* ಮೇವು ಎಳೆಯದಿರುವಾಗಲೇ ಕೊಯ್ಯಿರಿ. ಸತ್ವ ಇರುವುದು ಎಲೆಯಲ್ಲಿ, ದಂಟಿನಲ್ಲಲ್ಲ.
* ಹಸಿ ಮೇವು ಇಲ್ಲವೇ ಇಲ್ಲ ಎಂದಾಗ ಮಾತ್ರ ಪೊಟ್ಟಣ. ನೀವು ಕೊಡುತ್ತಿರುವ ಖನಿಜ ಮಿಶ್ರಣದಲ್ಲಿ ‘ಇ’ ಈಗಾಗಲೇ ಇದೆಯೇ, ನೋಡಿಕೊಳ್ಳಿ.
* ‘ಇ’ ಮತ್ತು ಸೆಲೆನಿಯಂ ಸೇರಿದ ಚುಚ್ಚುಮದ್ದನ್ನು ಪಶುವೈದ್ಯರೇ ಕೊಡಲಿ. ಸೆಲೆನಿಯಂ ಪ್ರಮಾಣ ಮೀರಿದರೆ ವಿಷ.