ಹೊಳೆದಂಡೆಯ ಕಸ ಮತ್ತು ನಮ್ಮ ಆರೋಗ್ಯ

ಸಮುದ್ರ ನಮ್ಮಿಂದ ಬಲು ದೂರ, ಅದರ ಕಸದ ಚಿಂತೆ ನಮಗೇಕೆ ಎಂದು ಬೈಲಹೊಂಗಲದವರು ಕೇಳಬಹುದು. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಕಿತ್ತೂರು ಸೀಮೆಯ ಎಂ.ಕೆ. ಹುಬ್ಬಳ್ಳಿ, ಬೈಲಹೊಂಗಲ ತಾಲ್ಲೂಕು, ಸವದತ್ತಿ, ರಾಮದುರ್ಗಗಳನ್ನು ಹಾಯ್ದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಕೃಷ್ಣೆ ಬಂಗಾಳ ಕೊಲ್ಲಿ ಸೇರುತ್ತದೆ. ಸಮುದ್ರದ ಕಸದಲ್ಲಿ ಬಹುಪಾಲು ನೆಲದಿಂದ ಹೋದದ್ದೇ. ನಾವು ಹಳ್ಳಕ್ಕೆ ಎಸೆದ ಚೀಲವೂ ಮಹಾಪೂರದಲ್ಲಿ ಆ ದಾರಿ ಹಿಡಿಯುತ್ತದೆ.

ಕೆಲವಷ್ಟು ಕಸ ಜಲಾಶಯದಲ್ಲೇ ಉಳಿಯುತ್ತದೆ. ಸವದತ್ತಿಯ ರೇಣುಕಾಸಾಗರ ಹುಬ್ಬಳ್ಳಿ-ಧಾರವಾಡಕ್ಕೂ ಕುಡಿಯುವ ನೀರು ಕೊಡುತ್ತದೆ ಎಂಬುದು ನೆನಪಿರಲಿ.

ಅಪಾಯವೇನು?

ಪ್ಲಾಸ್ಟಿಕ್ ಕೊಳೆಯುವುದಿಲ್ಲ, ಬಿಸಿಲಿಗೆ ಸೀಳಿ ಪುಡಿಯಾಗುತ್ತದೆ. ಅಂಥ ಸೂಕ್ಷ್ಮ ಕಣಗಳು ಮನುಷ್ಯನ ರಕ್ತದಲ್ಲೂ ಇರುವುದನ್ನು 2022ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ತೋರಿಸಿದರು. ಅವುಗಳ ಪರಿಣಾಮದ ಅಧ್ಯಯನ ಇನ್ನೂ ನಡೆದಿದೆ. ಬಿಸಾಡಿದ ಲೋಟ, ತೆಂಗಿನ ಚಿಪ್ಪು, ಟೈರುಗಳಲ್ಲಿ ನಿಂತ ಮಳೆನೀರಿನಲ್ಲಿ ಡೆಂಗೀ ಹರಡುವ ಸೊಳ್ಳೆ ಬೆಳೆಯುತ್ತದೆ. ಪ್ಲಾಸ್ಟಿಕ್ ಸುಟ್ಟರೆ ವಿಷದ ಹೊಗೆ.

ಸ್ವಯಂಸೇವಕರಿಗೆ ಸೂಚನೆ

ಕರಾವಳಿ ಸ್ವಚ್ಛತೆಯ ಅಂತರರಾಷ್ಟ್ರೀಯ ದಿನ ಸೆಪ್ಟೆಂಬರಿನ ಮೂರನೇ ಶನಿವಾರ. 1986ರಲ್ಲಿ ಅಮೆರಿಕದ ಟೆಕ್ಸಾಸ್ ದಂಡೆಯಲ್ಲಿ ಇದು ಆರಂಭವಾಯಿತು. ಹೆಕ್ಕಿದ ವಸ್ತುಗಳನ್ನು ಎಣಿಸಿ ಬರೆದಿಡುವುದು ಅದರ ಪದ್ಧತಿ. ಯಾವ ಕಸ ಹೆಚ್ಚೆಂದು ತಿಳಿದರೆ ಅದರ ಮೂಲವನ್ನೇ ತಡೆಯಬಹುದು. ನಮ್ಮಲ್ಲಿ ಮಾತ್ರ ಹೊಳೆ ಇಳಿದ ಮೇಲೆಯೇ ಈ ಕೆಲಸ ಲೇಸು.

* ದಪ್ಪ ಕೈಗವಸು, ಮುಚ್ಚಿದ ಬೂಟು ಇರಲಿ. ಬರಿಗಾಲು ಬೇಡ.
* ನೀರಿಗೆ ಇಳಿಯಬೇಡಿ. ಮಕ್ಕಳ ಜೊತೆ ಹಿರಿಯರಿರಲಿ.
* ಸೂಜಿ, ಸಿರಿಂಜು, ಔಷಧಿ ಬಾಟಲಿ ಮುಟ್ಟದೆ ಆರೋಗ್ಯ ಸಿಬ್ಬಂದಿಗೆ ತಿಳಿಸಿ.
* ಗಾಯವಾದರೆ ಸಾಬೂನು ನೀರಿನಿಂದ ತೊಳೆದು, ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಅದೇ ದಿನ ವೈದ್ಯರನ್ನು ಕೇಳಿ.
* ಇಲಿಯ ಮೂತ್ರ ಸೇರಿದ ನೀರು ಗಾಯಕ್ಕೆ ತಗುಲಿದರೆ ಇಲಿಜ್ವರ ಬರಬಹುದು. ಮುಂದಿನ ಮೂರು ನಾಲ್ಕು ವಾರಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾದರೆ ಹೊಳೆದಂಡೆಯಲ್ಲಿ ಕೆಲಸ ಮಾಡಿದ್ದನ್ನು ವೈದ್ಯರಿಗೆ ಹೇಳಿ. ಬೇಗ ಗುರುತಿಸಿದರೆ ಸುಲಭವಾಗಿ ಗುಣವಾಗುತ್ತದೆ.
* ಕೂಡಿಸಿದ ಕಸ ಸುಡದೆ ಪಂಚಾಯತಿ ಇಲ್ಲವೆ ಪುರಸಭೆಯ ಗಾಡಿಗೆ ಒಪ್ಪಿಸಿ.

ಹೆಕ್ಕುವುದಕ್ಕಿಂತ ಎಸೆಯದಿರುವುದು ಮೇಲು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೊರಡುವಾಗ ಬಟ್ಟೆಯಲ್ಲಿ ರೊಟ್ಟಿ ಬುತ್ತಿ, ಜೊತೆಗೆ ಸ್ಟೀಲಿನ ತಾಟು-ಲೋಟ ಕಟ್ಟಿಕೊಳ್ಳಿ. ಒಂದು ಮನೆಯವರು ಹೀಗೆ ಮಾಡಿದರೂ ಹೊಳೆಗೆ ಅಷ್ಟು ಕಸ ಕಡಿಮೆ.