ಕಿವಿ ಹೇಳಿದಂತೆ ಬೆರಳು: ಕೀಲಿಮಣೆಯಲ್ಲಿ ಕನ್ನಡ

ಕೀಲಿಮಣೆಯ ಮೇಲೆ ಎಡಗೈ ತೋರುಬೆರಳು ಆಡಿಸಿ ನೋಡಿ. ಎಫ್ ಕೀಲಿಯಲ್ಲಿ ಸಣ್ಣ ಗೆರೆಯೊಂದು ಉಬ್ಬಿರುತ್ತದೆ. ಬಲಗಡೆ ಜೆ ಮೇಲೂ ಅಷ್ಟೇ. ಕಣ್ಣು ಪರದೆಯ ಮೇಲಿದ್ದರೂ ಬೆರಳು ತನ್ನ ಜಾಗ ಹುಡುಕಿಕೊಳ್ಳಲೆಂದು ಇಟ್ಟ ಗುರುತು ಅದು. ಈ ಎಫ್ ನೆನಪಿರಲಿ, ಕನ್ನಡದ ಒತ್ತಕ್ಷರಗಳೆಲ್ಲ ಇದರ ಕೈಯಲ್ಲಿವೆ.

ಅಕ್ಷರಗಳು ಎ, ಬಿ, ಸಿ ಎಂಬ ಸಾಲಿನಲ್ಲಿಲ್ಲದಿರುವುದು 1870ರ ದಶಕದ ಟೈಪ್‌ರೈಟರಿನ ಬಳುವಳಿ. ಆ ಮಣೆಯ ಮೇಲೆಯೇ ಕನ್ನಡವನ್ನು ಕೂರಿಸಿದವರು ಕೆ.ಪಿ. ರಾವ್. ಕರ್ನಾಟಕ ಸರ್ಕಾರ ಒಪ್ಪಿದ್ದು, ‘ನುಡಿ’ ತಂತ್ರಾಂಶದಲ್ಲಿರುವುದು, ಲಿನಕ್ಸ್‌ನಲ್ಲಿ ‘ಕಗಪ’ ಎಂಬ ಹೆಸರಲ್ಲಿ ಸಿಗುವುದು ಈ ವಿನ್ಯಾಸವೇ. ಇನ್‌ಸ್ಕ್ರಿಪ್ಟ್ ಎಂಬ ಕೀಲಿ ವಿನ್ಯಾಸ ಬೇರೆ, ಅದರಲ್ಲಿ ಎಂ ಒತ್ತಿದರೆ ಸ ಮೂಡುತ್ತದೆ. ಎರಡನ್ನೂ ಒಟ್ಟಿಗೆ ಕಲಿಯಲು ಹೋಗಬೇಡಿ.

ಮೊದಲು ಕೆ ಒತ್ತಿ. ಕ ಬಂತು. ಅಕಾರ ಅದರೊಳಗೇ ಇದೆ, ಮತ್ತೆ ಎ ಒತ್ತಬೇಕಿಲ್ಲ. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದು ರೂಢಿಯಾದವರು ಎಡವುವುದು ಇಲ್ಲೇ. ಆಮೇಲೆ ಶಿಫ್ಟ್ ಹಿಡಿದು ಕೆ ಒತ್ತಿದರೆ ಖ. ಮಹಾಪ್ರಾಣ, ದೀರ್ಘಸ್ವರಗಳಿಗೆಲ್ಲ ಶಿಫ್ಟೇ ದಾರಿ. ಣ, ಳ, ಶ, ಸೊನ್ನೆಗೂ ಕ್ರಮವಾಗಿ ಎನ್, ಎಲ್, ಎಸ್, ಎಂ ಜೊತೆ ಶಿಫ್ಟ್ ಬೇಕು. ಬೆರಳೆತ್ತಲು ಮರೆತಿರೋ, ‘ಕಮಲ’ ಹೋಗಿ ‘ಖಂಳ’ ಆಗುತ್ತದೆ!

ಟಿ ಕೀಲಿಯನ್ನು ತ, ಥ ಹಿಡಿದುಕೊಂಡಿವೆ. ಹಾಗಾಗಿ ಕನ್ನಡಕ್ಕೆ ಬೇಡವಾಗಿದ್ದ ಕ್ಯೂ, ಡಬ್ಲ್ಯೂ, ಎಕ್ಸ್‌ಗಳಲ್ಲಿ ಟ, ಡ, ಷ ಕೂತಿವೆ. ಇವಕ್ಕೆ ಉಪಾಯವಿಲ್ಲ, ಬಾಯಿಪಾಠವೇ ಗತಿ.

ಇನ್ನು ಎಫ್. ಇದು ಅಕ್ಷರದೊಳಗಿನ ಅಕಾರ ಕಳೆದು ಮುಂದಿನದಕ್ಕೆ ಬೆಸೆಯುತ್ತದೆ. ‘ಕನ್ನಡ’ಕ್ಕೆ ಕೆ, ಎನ್, ಎಫ್, ಎನ್, ಡಬ್ಲ್ಯೂ. ಕೈಬರಹದ ಅಭ್ಯಾಸ ಕಾಟ ಕೊಡುವುದು ಈಗ. ‘ಅಕ್ಕಿ’ಯಲ್ಲಿ ಕಣ್ಣಿಗೆ ಕಾಣುವುದು ಕಿ, ಅದರ ಕೆಳಗೊಂದು ಒತ್ತು. ಹಾಗೆಂದು ಗುಡಿಸನ್ನು ಮೊದಲು ಹೊಡೆದರೆ ಕೆಟ್ಟಿತು. ಕ, ಎಫ್, ಕ ಆದ ಮೇಲೆಯೇ ಐ ಒತ್ತಬೇಕು. ‘ಸೂರ್ಯ’ದ ಅರ್ಕಾವತ್ತನ್ನು ಬರೆಯುವಾಗ ಕೊನೆಗೆ ಎಳೆಯುತ್ತೇವೆ, ಹೊಡೆಯುವಾಗ ಮಾತ್ರ ಆರ್, ಎಫ್, ವೈ. ಪದವನ್ನು ಮೆಲ್ಲಗೆ ಉಚ್ಚರಿಸಿ, ಕಿವಿಗೆ ಬಿದ್ದ ಕ್ರಮದಲ್ಲೇ ಒತ್ತಿ.

ಕೈ ಸ್ವಲ್ಪ ಪಳಗಿದ ಮೇಲೆ ‘ರಾಷ್ಟ್ರ’ ಹೊಡೆಯಿರಿ: ಆರ್, ಶಿಫ್ಟ್ ಎ, ಎಕ್ಸ್, ಎಫ್, ಕ್ಯೂ, ಎಫ್, ಆರ್.