ಮೊದಲು ಮಗುವಿನ ನಿದ್ದೆ, ಆಮೇಲೆ ಸೀಟಿನ ದರ್ಜೆ

ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಡುವೆ 2021ರ ಜನವರಿಯಲ್ಲಿ ನೇರ ವಿಮಾನ ಶುರುವಾದಾಗ, ಆ ಹಾರಾಟವೇ ಸುಮಾರು 17 ಗಂಟೆಯದು. ನಡುವೆ ದುಬೈ, ದೋಹಾ ಅಥವಾ ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಹತ್ತುವುದಾದರೆ ಮನೆ ಬಿಟ್ಟು ಮನೆ ಸೇರಲು ಒಂದು ಹಗಲು, ಒಂದು ರಾತ್ರಿ ಸಾಲದು. ಪುಟ್ಟ ಮಗುವನ್ನು ಕರೆದುಕೊಂಡು ಇಷ್ಟು ದೂರ ಹೊರಟವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಹೇಗಾದರೂ ಹಣ ಹೊಂದಿಸಿ ಬಿಸಿನೆಸ್ ಕ್ಲಾಸ್ ತೆಗೆದುಕೊಂಡರೆ ಮಗು ಅಳದೆ ಇರುತ್ತದಲ್ಲವೇ?

ಮಗುವಿಗೆ ಕಷ್ಟವಾಗಬಾರದು ಎಂಬ ಆಸೆಯಿಂದ ಹುಟ್ಟಿದ ಪ್ರಶ್ನೆ ಇದು. ಆ ಆಸೆಯ ಬಗ್ಗೆ ನನಗೆ ತಕರಾರಿಲ್ಲ. ಸೀಟಿನ ದರ್ಜೆಯನ್ನು ಮೊದಲು ಗೊತ್ತುಮಾಡಿ, ಹೊರಡುವ ಹೊತ್ತನ್ನು ಆಮೇಲೆ ನೋಡುವ ಕ್ರಮದ ಬಗ್ಗೆ ಮಾತ್ರ ತಕರಾರಿದೆ. ವಿಮಾನದೊಳಗೆ ಮಗುವಿನ ದೇಹಕ್ಕೆ ಏನಾಗುತ್ತದೆ ಎಂಬುದು ತಿಳಿದರೆ ಹಣವನ್ನು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬಹುದು ಎಂಬುದು ಸ್ಪಷ್ಟವಾಗುತ್ತದೆ.

ಕಿವಿಯಿಂದ ಶುರು ಮಾಡೋಣ. ಹಾರುವಾಗ ವಿಮಾನದೊಳಗಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟೇ ಇರುತ್ತದೆ. ಮುಳ್ಳಯ್ಯನಗಿರಿಯ ನೆತ್ತಿ ಸುಮಾರು 6,300 ಅಡಿ. ಅಲ್ಲಿಂದ ಅರ್ಧ ಗಂಟೆಯೊಳಗೆ ಸಮುದ್ರದ ದಂಡೆಗೆ ಇಳಿದರೆ ಕಿವಿ ಕಟ್ಟಿಕೊಳ್ಳದೆ ಇದ್ದೀತೇ? ವಿಮಾನ ಕೆಳಗಿಳಿಯುವಾಗ ಆಗುವುದೂ ಅದೇ. ಕಿವಿಯ ಒಳಭಾಗವನ್ನು ಗಂಟಲಿಗೆ ಜೋಡಿಸುವ ಯುಸ್ಟೇಷಿಯನ್ ನಾಳ ಎಂಬ ಸಣ್ಣ ಕೊಳವೆ ತೆರೆದುಕೊಂಡರೆ ಒತ್ತಡ ಸಮವಾಗುತ್ತದೆ. ಮಕ್ಕಳಲ್ಲಿ ಈ ಕೊಳವೆ ಕಿರಿದು, ಹೆಚ್ಚು ಅಡ್ಡಡ್ಡ ಇರುವುದರಿಂದ ಸುಲಭವಾಗಿ ತೆರೆಯುವುದಿಲ್ಲ. ನುಂಗಿದಾಗ ತೆರೆಯುತ್ತದೆ. ನಿದ್ದೆಯಲ್ಲಿರುವ ಮಗು ನುಂಗುವುದು ಕಡಿಮೆ. ಹಾಗಾಗಿ ಇಳಿಯುವ ಸೂಚನೆ ಬಂದಾಗ, ಪಾಪ ಮಲಗಿದೆ ಎಂದು ಬಿಡದೆ ಎಬ್ಬಿಸಿ. ಎದೆಹಾಲೋ ಬಾಟಲಿಯೋ ಕೊಡಿ. ದೊಡ್ಡ ಮಗುವಾದರೆ ಗುಟುಕು ಗುಟುಕಾಗಿ ನೀರು ಕುಡಿಸಿ. ಗಟ್ಟಿ ಮಿಠಾಯಿ ಸಣ್ಣವರಿಗೆ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಶೀತ, ಕಿವಿನೋವು ಇದ್ದರೆ ಹೊರಡುವ ಮೊದಲೇ ವೈದ್ಯರಿಗೆ ತೋರಿಸಿ. ಈ ನೋವಿಗೆ ದರ್ಜೆಯ ಭೇದವಿಲ್ಲ. ಮುಂದಿನ ಸಾಲಿನಲ್ಲಿ ಕೂತರೂ ಅಷ್ಟೇ, ಕೊನೆಯ ಸಾಲಿನಲ್ಲಿ ಕೂತರೂ ಅಷ್ಟೇ.

ಮಗು ಅಳುವುದಕ್ಕೆ ಇನ್ನೊಂದು ಕಾರಣ ನಿದ್ದೆ. ಬೆಂಗಳೂರಿನಿಂದ ಯುರೋಪಿನ ಕಡೆಗೆ ಹೊರಡುವ ಹಲವು ವಿಮಾನಗಳು ನಡುರಾತ್ರಿ ಕಳೆದ ಮೇಲೆ ಏರುತ್ತವೆ. ದಿನಾ ಎಂಟೂವರೆಗೆ ಮಲಗುವ ಮಗು ಅಂದು ಹನ್ನೆರಡು ಗಂಟೆಗೆ ದೇವನಹಳ್ಳಿಯ ನಿಲ್ದಾಣದ ಝಗಮಗ ಬೆಳಕಿನಲ್ಲಿ ಸರದಿಯಲ್ಲಿ ನಿಂತಿರುತ್ತದೆ. ಮಲಗುವ ಹೊತ್ತು ಮೀರಿದಾಗ ದೇಹ ಎಚ್ಚರವಾಗಿರಲು ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನು ಹೆಚ್ಚು ಸುರಿಸುತ್ತದೆ. ಆಗ ದಣಿದ ಮಗು ದಣಿದಂತೆ ಕಾಣುವುದಿಲ್ಲ; ಓಡುತ್ತದೆ, ಕಿರುಚುತ್ತದೆ, ಕೊಟ್ಟದ್ದನ್ನು ಎಸೆಯುತ್ತದೆ. ನಾವು ಅದನ್ನು ಹಟ ಎನ್ನುತ್ತೇವೆ. ಅದು ನಿದ್ದೆಗೆ ಜಾರಲಾಗದ ದೇಹದ ತಳಮಳ. ಇದರ ಮೇಲೆ, ನಡೆಯಲು ಕಲಿತ ಸಂಭ್ರಮದಲ್ಲಿರುವ ಎರಡು ವರ್ಷದ ಮಗುವಿಗೆ ಬೆಲ್ಟು ಕಟ್ಟಿ ಕೂರಿಸುತ್ತೇವೆ.

ಮೂರನೆಯದನ್ನು ಹೇಳಲು ಸ್ವಲ್ಪ ಸಂಕೋಚವಾಗುತ್ತದೆ, ಆದರೂ ಹೇಳಬೇಕು. ಮಗು ನಿಮ್ಮ ಮುಖ ನೋಡಿ ಸನ್ನಿವೇಶವನ್ನು ಅಳೆಯುತ್ತದೆ. ಅಕ್ಕಪಕ್ಕದವರು ಏನಂದುಕೊಳ್ಳುತ್ತಾರೋ ಎಂಬ ಆತಂಕ ನಿಮ್ಮ ಕೈಯ ಬಿಗಿತದಲ್ಲಿ, ದನಿಯಲ್ಲಿ ಅದಕ್ಕೆ ತಿಳಿಯುತ್ತದೆ. ಬಿಸಿನೆಸ್ ಕ್ಲಾಸಿನಲ್ಲಿ ಈ ಆತಂಕ ಕಡಿಮೆಯಾಗುವ ಬದಲು ಹೆಚ್ಚುವುದೇ ಉಂಟು: ಸುತ್ತಲಿನವರು ನಿದ್ದೆಗೆಂದೇ ದುಡ್ಡು ಕೊಟ್ಟಿದ್ದಾರೆ, ನಾವೂ ಅಷ್ಟೊಂದು ಕೊಟ್ಟಿದ್ದೇವೆ. ಹತ್ತು ನಿಮಿಷಕ್ಕೊಮ್ಮೆ ‘ಶ್, ಸುಮ್ಮನಿರು’ ಅನ್ನಿಸಿಕೊಂಡ ಮಗು ಸುಮ್ಮನಾಗುವುದಿಲ್ಲ. ಅಳುವ ಮಗುವನ್ನು ಎತ್ತಿಕೊಂಡು ನಡುದಾರಿಯಲ್ಲಿ ನಾಲ್ಕು ಹೆಜ್ಜೆ ಓಡಾಡುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಈ ಆತಂಕವೇ ಕೆಲವರನ್ನು ಔಷಧಿ ಅಂಗಡಿಗೆ ಕಳಿಸುತ್ತದೆ: ನಿದ್ದೆ ಬರುವ ಸಿರಪ್ ಇದೆಯಾ? ದಯವಿಟ್ಟು ಬೇಡ. ಇದಕ್ಕೆ ಬಳಕೆಯಾಗುವ ಪ್ರೊಮೆಥಜೀನ್ ಎರಡು ವರ್ಷದೊಳಗಿನ ಮಕ್ಕಳ ಉಸಿರಾಟವನ್ನು ಅಪಾಯಕಾರಿಯಾಗಿ ಕುಗ್ಗಿಸಬಲ್ಲದು. ಆ ವಯಸ್ಸಿಗೆ ಅದನ್ನು ಕೊಡಲೇಬಾರದು. ಇಂಥ ಅಲರ್ಜಿ ಔಷಧಿಗಳಿಂದ ಕೆಲವು ಮಕ್ಕಳು ಮಲಗುವ ಬದಲು ಇನ್ನಷ್ಟು ಕೆರಳುತ್ತಾರೆ. ಅದು ಗೊತ್ತಾಗುವ ಜಾಗ ನಡು ಆಕಾಶ ಆಗಬಾರದು.

ಹಾಗಾದರೆ ಬಿಸಿನೆಸ್ ಕ್ಲಾಸಿನಿಂದ ಪ್ರಯೋಜನವಿಲ್ಲವೇ? ಇದೆ. ಅದು ಮಗುವಿನ ವಯಸ್ಸಿನ ಮೇಲೆ ನಿಂತಿದೆ. ಎರಡು ವರ್ಷದೊಳಗಿನ ಮಗು ಮಡಿಲಲ್ಲಿ ಕೂರುವುದಾದರೆ ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಸಾಮಾನ್ಯವಾಗಿ ದೊಡ್ಡವರ ದರದ ಶೇ 10ರಷ್ಟು ಕೊಡಬೇಕು. ಬಿಸಿನೆಸ್ ದರದ ಶೇ 10 ಸಣ್ಣ ಮೊತ್ತವಲ್ಲ. ಹಲವು ಹೊಸ ವಿಮಾನಗಳಲ್ಲಿ ಒಂದೊಂದು ಸೀಟೂ ಗೋಡೆ ಕಟ್ಟಿದ ಪುಟ್ಟ ಗೂಡು. ಒಬ್ಬರೇ ಹೋಗುವವರಿಗೆ ಹಿತ; ಮಗುವಿಗೆ ಅಮ್ಮ ಕಾಣದ ಗೋಡೆ. ಕೆಲವು ಸೀಟುಗಳ ಬೆಲ್ಟಿನೊಳಗೇ ಗಾಳಿಚೀಲ ಇರುವುದರಿಂದ ಅಲ್ಲಿ ಮಡಿಲ ಮಗುವನ್ನು ಕೂರಿಸಿಕೊಳ್ಳಲು ಬಿಡುವುದಿಲ್ಲ. ನನ್ನ ಅಭಿಪ್ರಾಯದಲ್ಲಿ, ಹತ್ತು ಕಿಲೋ ದಾಟದ ಕೂಸಿಗೆ ಎಕಾನಮಿಯ ಮೊದಲ ಸಾಲೇ ಹೆಚ್ಚು ಅನುಕೂಲ. ಎದುರಿನ ಗೋಡೆಗೆ ಸಿಕ್ಕಿಸುವ ಪುಟ್ಟ ತೊಟ್ಟಿಲು, ಅಂದರೆ ಬ್ಯಾಸಿನೆಟ್, ಅಲ್ಲಿ ಸಿಗುತ್ತದೆ. ಅವು ಕೆಲವೇ ಇರುವುದರಿಂದ ಟಿಕೆಟ್ ಮಾಡಿಸಿದ ದಿನವೇ ಕೇಳಿ. ಎರಡು ತುಂಬಿದ ಮೇಲೆ ಸ್ವಂತ ಸೀಟು ಕಡ್ಡಾಯ. ಹೋಗುವಾಗ ಎರಡು ತುಂಬದೆ, ಬರುವಷ್ಟರಲ್ಲಿ ತುಂಬಿದರೆ ಬರುವ ಪ್ರಯಾಣಕ್ಕೆ ಸೀಟು ಬೇಕು. ನಾಲ್ಕೈದು ವರ್ಷದ ಮಗುವಿಗೆ ಮಾತ್ರ ಪೂರ್ತಿ ಮಲಗುವ ಸೀಟು ನಿಜಕ್ಕೂ ವರ. ಆಗ ಮಧ್ಯದ ಜೋಡಿ ಸೀಟುಗಳನ್ನು ಆರಿಸಿ. ನಡುವಿನ ತಡಿಕೆ ಇಳಿಸುವಂತಿದ್ದರೆ ಮಗು ನಿಮ್ಮ ಕಣ್ಣೆದುರೇ ಮಲಗುತ್ತದೆ.

ಇನ್ನು ದರ. ವಿಮಾನ ಸಂಸ್ಥೆಗಳು ಒಂದೇ ದರ್ಜೆಯ ಸೀಟುಗಳನ್ನು ಹಲವು ದರದ ಮೆಟ್ಟಿಲುಗಳಾಗಿ ಹಂಚಿಟ್ಟಿರುತ್ತವೆ. ಅಗ್ಗದ ಮೆಟ್ಟಿಲಿನ ಸೀಟು ಮುಗಿದಂತೆ ಮೇಲಿನದು ತೆರೆಯುತ್ತದೆ. ನೀವು ನಾಲ್ವರಿಗೆ ಒಟ್ಟಿಗೆ ಹುಡುಕಿದಾಗ ಅಗ್ಗದ ಮೆಟ್ಟಿಲಿನಲ್ಲಿ ಮೂರೇ ಸೀಟು ಉಳಿದಿದ್ದರೆ ನಾಲ್ವರಿಗೂ ದುಬಾರಿ ದರವೇ ಕಾಣುತ್ತದೆ. ಒಬ್ಬರಿಗೆ, ಇಬ್ಬರಿಗೆ, ನಾಲ್ವರಿಗೆ ಎಂದು ಬೇರೆ ಬೇರೆಯಾಗಿ ಹುಡುಕಿ ನೋಡಿ. ಎರಡು ಬುಕಿಂಗ್ ಮಾಡಿಸಿದರೆ ಪ್ರತಿಯೊಂದರಲ್ಲೂ ಒಬ್ಬ ದೊಡ್ಡವರು ಇರಲೇಬೇಕು. 12 ವರ್ಷದವರೆಗಿನ ಮಕ್ಕಳಿಗೆ ಒಬ್ಬ ಪೋಷಕರ ಪಕ್ಕದಲ್ಲೇ ಸೀಟು ಕೊಡಬೇಕೆಂದು ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2024ರಲ್ಲಿ ಸೂಚಿಸಿರುವುದೂ ಒಂದೇ ಬುಕಿಂಗ್‌ನಲ್ಲಿ ಇರುವವರಿಗೆ. ಭಾರತದಲ್ಲಿ ಕೊಳ್ಳುವ ಬಿಸಿನೆಸ್ ಟಿಕೆಟ್ಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ 18ಕ್ಕೆ ಏರಿದೆ, ಎಕಾನಮಿಗೆ ಶೇ 5. ಲೆಕ್ಕ ಹಾಕುವಾಗ ಇದು ನೆನಪಿರಲಿ.

ನನಗೆ ಸರಿಯೆನಿಸುವ ದಾರಿ ಬೇರೆ. ಇಡೀ ಪ್ರಯಾಣಕ್ಕಲ್ಲ, ಮಗುವಿನ ರಾತ್ರಿಗೆ ಹೊಂದುವ ಹಾರಾಟಕ್ಕೆ ಮಾತ್ರ ಮಲಗುವ ಸೀಟು ತೆಗೆದುಕೊಳ್ಳಿ. ಅಮೆರಿಕದಿಂದ ಊರಿಗೆ ಬರುವಾಗ ಯುರೋಪಿನವರೆಗಿನ ಹಾರಾಟ ಹೆಚ್ಚಾಗಿ ಸಂಜೆ ಹೊರಟು ರಾತ್ರಿಯೆಲ್ಲ ಸಾಗುತ್ತದೆ. ಅಲ್ಲಿ ಹಣ ಹಾಕಿದರೆ ನಿದ್ದೆ ಸಿಗುತ್ತದೆ. ಅದರ ಮುಂದಿನ ಹಗಲಿನ ಹಾರಾಟದಲ್ಲಿ ಮಗು ಹೇಗೂ ಎಚ್ಚರ, ಎಕಾನಮಿ ಸಾಕು. ಕಾರ್ಡಿನ ಪಾಯಿಂಟ್‌ಗಳಿದ್ದರೆ ಅವನ್ನೂ ಆ ರಾತ್ರಿಗೇ ಮೀಸಲಿಡಿ. ಪಾಯಿಂಟ್‌ಗೆ ಬಿಡುವ ಸೀಟು ಕಡಿಮೆ, ನಾಲ್ಕು ಒಟ್ಟಿಗೆ ಸಿಗುವುದು ಕಷ್ಟ, ಎರಡು ಸಿಗಬಹುದು. ಮಗು ಇನ್ನೂ ಶಾಲೆಗೆ ಸೇರಿಲ್ಲವಾದರೆ ಜೂನ್ ಮತ್ತು ಡಿಸೆಂಬರ್‌ನ ರಜೆಯ ನೂಕುನುಗ್ಗಲಿಗೆ ಕಟ್ಟುಬೀಳಬೇಡಿ. ಫೆಬ್ರವರಿಯಲ್ಲೋ ಸೆಪ್ಟೆಂಬರ್‌ನಲ್ಲೋ ಹೊರಟರೆ ಸಿಗುವ ಉಳಿತಾಯ ಬೇರೆ ಯಾವ ಉಪಾಯದಿಂದಲೂ ಸುಲಭವಾಗಿ ಸಿಗದು. ಕೊಲಂಬೊಗೆ ಹೋಗಿ ಅಲ್ಲಿಂದ ಬೇರೆ ಟಿಕೆಟ್ಟಿನಲ್ಲಿ ಹೊರಟರೆ ಅಗ್ಗ ಎಂದು ಹೇಳುವವರಿದ್ದಾರೆ, ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಮೊದಲ ವಿಮಾನ ತಡವಾದರೆ ಎರಡನೆಯವರು ಹೊಣೆಯಾಗುವುದಿಲ್ಲ. ಸಣ್ಣ ಮಕ್ಕಳಿರುವವರಿಗೆ ಈ ಸಾಹಸ ಬೇಡ. ಅಮೆರಿಕಕ್ಕೆ ಹೋಗುವವರು ಅಬುಧಾಬಿಯ ದಾರಿಯನ್ನೂ ವಿಚಾರಿಸಿ; ಅಮೆರಿಕದ ವಲಸೆ ತಪಾಸಣೆ ಅಲ್ಲಿಯೇ ಮುಗಿಯುವುದರಿಂದ ಇಳಿದ ಮೇಲೆ ದಣಿದ ಮಗುವಿನೊಂದಿಗೆ ಆ ಸಾಲಿನಲ್ಲಿ ನಿಲ್ಲಬೇಕಿಲ್ಲ.

ತಲುಪಿದ ಮೇಲಿನ ವಾರವೂ ಪ್ರಯಾಣದ ಭಾಗವೇ. ಕ್ಯಾಲಿಫೋರ್ನಿಯಾಕ್ಕೂ ನಮಗೂ ಹನ್ನೆರಡೂವರೆ ಅಥವಾ ಹದಿಮೂರೂವರೆ ಗಂಟೆ ಅಂತರ. ನಿದ್ದೆ-ಹಸಿವುಗಳನ್ನು ನಡೆಸುವ ದೇಹದೊಳಗಿನ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಸರಿಯುತ್ತದೆ. ರಾತ್ರಿ ಎರಡಕ್ಕೆ ಹಸಿವೆಂದು ಎದ್ದರೆ ಮಂದ ಬೆಳಕಿನಲ್ಲಿ ಮೊಸರನ್ನ ತಿನ್ನಿಸಿ, ಟೀವಿ, ಮೊಬೈಲು ಬೇಡ. ಬೆಳಗಿನ ಬಿಸಿಲಿನಲ್ಲಿ ಅಂಗಳದಲ್ಲಿ ಆಡಲು ಬಿಡಿ. ಆ ಗಡಿಯಾರವನ್ನು ತಿದ್ದುವುದು ಮುಖ್ಯವಾಗಿ ಬೆಳಕು. ಮೊಮ್ಮಗು ಬಂದ ದಿನವೇ ನೆಂಟರನ್ನೆಲ್ಲ ಕರೆಯಲು ಕಾತರಿಸುವ ಅಜ್ಜ-ಅಜ್ಜಿಗೆ, ಟಿಕೆಟ್ ಮಾಡಿಸಿದಾಗಲೇ ತಿಳಿಸಿಬಿಡಿ: ನಾಲ್ಕು ದಿನ ಯಾರೂ ಬೇಡ, ಐದನೆಯ ದಿನ ಎಲ್ಲರೂ ಊಟಕ್ಕೇ ಬರಲಿ.